ಕಿಲ್ಟು, ಬ್ಯಾಗ್‌ಪೈಪು ಬಿಟ್ಟರೆ ಜಗತ್ತಿನ ‘ಸ್ಕಾಟಿಷ್’ ಶಾಲೆಗಳಲ್ಲಿ ಸ್ಕಾಟ್ಲೆಂಡಿನದು ಏನಿದೆ?

ತುಂಗಾತೀರ
ತಮ್ಮನ ಮಗ ಈ ವರ್ಷ ಆಸ್ಟ್ರೇಲಿಯಾದಲ್ಲಿ, ಹೆಸರಿನಲ್ಲೇ ‘ಸ್ಕಾಟ್ಸ್’ ಅಂತ ಇರುವ ಒಂದು ಶಾಲೆಗೆ ಸೇರಿದ್ದಾನೆ. ಮೊನ್ನೆ ಭಾನುವಾರ ವಿಡಿಯೋ ಬಂತು. ಮೊಣಕಾಲಿನವರೆಗೆ ಚೌಕುಳಿ ಕಿಲ್ಟು, ಮೇಲೆ ಕಪ್ಪು ಕೋಟು, ಸೊಂಟದ ಮುಂದೆ ಚರ್ಮದ ಸಂಚಿ, ಕೊರಳಿಗೆ ಡ್ರಮ್ಮು. ಹಿಂದೆ ಬ್ಯಾಗ್‌ಪೈಪ್ ಊದುವ ಹುಡುಗರ ಎರಡು ಸಾಲು. ಅದರಲ್ಲಿ ಒಬ್ಬ ವಿಯೆಟ್ನಾಮಿನವರ ಮಗ, ಇನ್ನೊಬ್ಬ ಲೆಬನಾನಿನವರ ಮಗ ಅಂತ ತಮ್ಮ ಹೇಳಿದ. ತೀರ್ಥಹಳ್ಳಿಯಲ್ಲಿ ಕೂತು ಅಮ್ಮ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದರು. ‘ಅಲ್ವೋ, ಇವರ್ಯಾರೂ ಆ ದೇಶದವರಲ್ಲ. ಮತ್ತೆ ಆ ದೇಶದ ಬಟ್ಟೆ ಯಾಕೆ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಹುಡುಕುತ್ತಾ ಹೋದರೆ ಮುಂಬೈ, ಕೊಲ್ಕತ್ತ, ನಾಗಪುರ, ಕೆನಡಾ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾ, ಎಲ್ಲ ಕಡೆ ಸ್ಕಾಟ್ಲೆಂಡಿನವರು ಕಟ್ಟಿದ ಶಾಲೆ ಕಾಲೇಜುಗಳು ಸಿಕ್ಕವು. ಇವತ್ತಿಗೂ ಬೆಂಗಳೂರಿನ ಅರ್ಧದಷ್ಟು ಜನ ಇಲ್ಲದ ನಾಡು ಅದು. ಅಲ್ಲಿಂದ ಹೊರಟವರು ಹೋದಲ್ಲೆಲ್ಲ ಶಾಲೆ ಯಾಕೆ ಕಟ್ಟಿದರು? ಆ ಶಾಲೆಗಳಲ್ಲಿ ಸ್ಕಾಟ್ಲೆಂಡಿನದು ಅಂತ ಬಟ್ಟೆ, ಬಾಜಾ ಬಿಟ್ಟು ಏನಾದರೂ ಇದೆಯಾ? ಬಲ್ಲವರು ಹೇಳಬೇಕು. ಪಟ್ಟಿ ಬೇಡ, ಪಟ್ಟಿ ಎಲ್ಲ ಕಡೆ ಸಿಗುತ್ತದೆ.

ಡನೀಡಿನ್ ದಿನಚರಿ
ತುಂಗಾತೀರ ಅವರೇ, ನಾನು ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಊರಿನ ಹೆಸರೇ ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ ಅಲ್ಲಿನ ಹಳೇ ಭಾಷೆ ಗೇಲಿಕ್‌ನಲ್ಲಿರುವ ಹೆಸರು. ರಸ್ತೆಗಳಿಗೂ ಅಲ್ಲಿನವೇ ಹೆಸರು: ಪ್ರಿನ್ಸಸ್ ಸ್ಟ್ರೀಟ್, ಜಾರ್ಜ್ ಸ್ಟ್ರೀಟ್. ಊರ ನಟ್ಟನಡುವೆ ಕವಿ ರಾಬರ್ಟ್ ಬರ್ನ್ಸ್ ಪ್ರತಿಮೆ. 1848ರಲ್ಲಿ ಎರಡು ಹಡಗುಗಳಲ್ಲಿ ಜನ ಬಂದಿಳಿದರು. 1869ಕ್ಕೆ, ಅಂದರೆ ಇಪ್ಪತ್ತೊಂದೇ ವರ್ಷಕ್ಕೆ, ಅವರು ಒಟಾಗೊ ವಿಶ್ವವಿದ್ಯಾಲಯ ಕಟ್ಟಿದ್ದರು. ನ್ಯೂಜಿಲೆಂಡಿಗೆ ಅದೇ ಮೊದಲನೆಯದು. ಮೊದಲ ಕುಲಪತಿ ಥಾಮಸ್ ಬರ್ನ್ಸ್, ಆ ಕವಿಯ ತಮ್ಮನ ಮಗ. ಹೆಣ್ಣುಮಕ್ಕಳಿಗೆ ಶುರುವಿನಿಂದಲೇ ಬಾಗಿಲು ತೆರೆದಿತ್ತು. ಚಳಿಗಾಲದಲ್ಲಿ ಆ ಕಪ್ಪುಗಲ್ಲಿನ ಗಡಿಯಾರ ಗೋಪುರದ ಮುಂದೆ ನಿಂತಾಗೆಲ್ಲ ನನಗೆ ಒಂದೇ ಯೋಚನೆ: ತಲೆ ಮೇಲೆ ಸರಿಯಾಗಿ ಸೂರು ಏಳುವುದರೊಳಗೆ ಈ ಜನಕ್ಕೆ ವಿಶ್ವವಿದ್ಯಾಲಯ ಯಾಕೆ ಬೇಕಾಯಿತು?

ನನಗೆ ತಿಳಿದ ಮಟ್ಟಿಗೆ ಇದರ ಬೇರು 1560ರಲ್ಲಿದೆ. ಧರ್ಮಸುಧಾರಕ ಜಾನ್ ನಾಕ್ಸ್ ಮತ್ತು ಅವರ ಸಂಗಡಿಗರು ಆ ವರ್ಷ ಸ್ಕಾಟ್ಲೆಂಡಿನ ಚರ್ಚಿಗೆ ಒಂದು ಯೋಜನೆ ಬರೆದರು. ಒಂದೊಂದು ಚರ್ಚಿನ ಸರಹದ್ದಿಗೂ ಒಂದು ಶಾಲೆ ಇರಬೇಕು, ಬಡವರ ಮಗ ಜಾಣನಾಗಿದ್ದರೆ ಅವನನ್ನು ವಿಶ್ವವಿದ್ಯಾಲಯದವರೆಗೆ ಓದಿಸಬೇಕು ಅಂತ. ಪ್ರತಿಯೊಬ್ಬನೂ ಬೈಬಲನ್ನು ಸ್ವತಃ ಓದಬೇಕು ಅನ್ನುವುದು ಅವರ ಧರ್ಮ. ಹಾಗಾಗಿ ಅಕ್ಷರ ಶ್ರೀಮಂತರ ಸೊತ್ತಾಗಿ ಉಳಿಯುವಂತಿರಲಿಲ್ಲ. ದುಡ್ಡಿಲ್ಲದೆ ಆ ಯೋಜನೆ ಬಹಳ ಕಾಲ ಕಾಗದದ ಮೇಲೇ ಉಳಿಯಿತು. ಕೊನೆಗೆ 1696ರಲ್ಲಿ ಕಾನೂನು ಬಂತು: ಆಯಾ ಸರಹದ್ದಿನ ಜಮೀನ್ದಾರರೇ ಶಾಲೆಗೆ ಕಟ್ಟಡ, ಮೇಷ್ಟ್ರಿಗೆ ಸಂಬಳ ಕೊಡಬೇಕು. 1600ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಇದ್ದದ್ದು ಎರಡು ವಿಶ್ವವಿದ್ಯಾಲಯ. ಪುಟ್ಟ ಸ್ಕಾಟ್ಲೆಂಡಿನಲ್ಲಿ ಐದಿದ್ದವು, ಅದರಲ್ಲಿ ಅಬರ್ಡೀನ್ ಒಂದರಲ್ಲೇ ಎರಡು.

ಇನ್ನೊಂದು ಸಂಗತಿ ಹೇಳಲೇಬೇಕು. ಅಲ್ಲಿ ‘ಹಿಟ್ಟಿನ ಸೋಮವಾರ’ ಅಂತ ಒಂದು ರಜೆ ಇತ್ತು. ಹಳ್ಳಿಯ ಬಡ ಹುಡುಗರು ಓಟ್ಸ್ ಹಿಟ್ಟಿನ ಚೀಲ ಹೊತ್ತುಕೊಂಡು ವಿಶ್ವವಿದ್ಯಾಲಯಕ್ಕೆ ಬರುತ್ತಿದ್ದರು. ಅದನ್ನೇ ಗಂಜಿ ಕಾಯಿಸಿ ಕುಡಿದು ಓದುವುದು. ಟರ್ಮಿನ ನಡುವೆ ಹಿಟ್ಟು ಮುಗಿದಾಗ ಊರಿಗೆ ಹೋಗಿ ತುಂಬಿಸಿಕೊಂಡು ಬರಲಿ ಅಂತ ಆ ಸೋಮವಾರ ರಜೆ. ವಾರಾನ್ನ ಉಂಡು ಓದಿದ ಅಜ್ಜಂದಿರು ಇರುವ ಮನೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ತುಂಗಾತೀರ
ಹಿಟ್ಟಿನ ಸೋಮವಾರ! ಅಮ್ಮನಿಗೆ ಓದಿ ಹೇಳಿದೆ. ಅವರ ತಂದೆ ಶಿವಮೊಗ್ಗದಲ್ಲಿ ಏಳು ಮನೆಯಲ್ಲಿ ವಾರದ ಊಟ ಮಾಡಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ‘ಗುರುವಾರದ ಮನೆಯವರು ಮಾತ್ರ ತುಪ್ಪ ಹಾಕ್ತಿದ್ರಂತೆ’ ಅಂದರು.

ಮಾಟುಂಗಾ ಮನೆ
ನಾವು ಮೂರು ತಲೆಮಾರಿನಿಂದ ಮುಂಬೈ ಕನ್ನಡಿಗರು. ಮಾಹಿಮಿನ ಕಡಲ ಬದಿಯ ಬಾಂಬೆ ಸ್ಕಾಟಿಷ್ ಶಾಲೆ ಇವತ್ತು ಸಿನಿಮಾದವರ, ಉದ್ಯಮಿಗಳ ಮಕ್ಕಳ ಶಾಲೆ ಅಂತ ಹೆಸರು. ಆದರೆ 1847ರಲ್ಲಿ ಅದು ಹುಟ್ಟಿದ್ದು ಅನಾಥ ಹೆಣ್ಣುಮಕ್ಕಳ ಆಶ್ರಮವಾಗಿ. ಇಲ್ಲಿ ಸತ್ತ ಸ್ಕಾಟಿಷ್ ಸೈನಿಕರ, ನೌಕರರ ಮಕ್ಕಳಿಗೆ ದಿಕ್ಕಿಲ್ಲ ಅಂತ ಕಟ್ಟಿದ ಮನೆ. ಆ ಹಳೇ ಕಮಾನುಗಳ ಮುಂದೆ ಬಸ್ಸಿನಲ್ಲಿ ಹೋಗುವಾಗೆಲ್ಲ ನನಗೆ ಆ ಹುಡುಗಿಯರ ನೆನಪೇ ಬರುತ್ತದೆ.

ಚೌಪಾಟಿ ಎದುರಿನ ವಿಲ್ಸನ್ ಕಾಲೇಜನ್ನೂ ಸೇರಿಸಿಕೊಳ್ಳಿ. ಜಾನ್ ವಿಲ್ಸನ್ 1832ರಲ್ಲಿ ಶುರು ಮಾಡಿದ ಶಾಲೆಯೇ ಅದರ ಮೂಲ. ಅದಕ್ಕೂ ಮುಂಚೆ, 1829ರಲ್ಲೇ, ಅವರ ಹೆಂಡತಿ ಮಾರ್ಗರೆಟ್ ಹೆಣ್ಣುಮಕ್ಕಳಿಗೆ ಶಾಲೆ ತೆರೆದಿದ್ದರು. ಕಾಲೇಜಿಗೆ ಗಂಡನ ಹೆಸರು ಬಂತು, ಮೊದಲು ಬಾಗಿಲು ತೆರೆದವರು ಹೆಂಡತಿ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಸಾಧನಕೇರಿ
ಫರ್ಗ್ಯುಸನ್ ಕಾಲೇಜ್ ಯಾಕ ಬಿಟ್ರಿ? ಜೇಮ್ಸ್ ಫರ್ಗ್ಯುಸನ್ ಸ್ಕಾಟ್ಲೆಂಡಿನವರೇ ಅಲ್ಲೇನ್ರಿ? ನಮ್ಮ ಬೇಂದ್ರೆ ಅಜ್ಜ ಓದಿದ್ದೂ ಪುಣೆದಾಗ ಅಲ್ಲೇ. ಹಂಗಾದ್ರ ಕನ್ನಡ ಕಾವ್ಯಕ್ಕೂ ಸ್ಕಾಟ್ಲೆಂಡಿಗೂ ನಂಟು ಐತಿ ಅಂದಂಗಾತು!

ಮಾಟುಂಗಾ ಮನೆ
ಸಾಧನಕೇರಿಯವರೇ, ಇಲ್ಲಿ ಒಂದು ಗೆರೆ ಎಳೆಯೋಣ. ಫರ್ಗ್ಯುಸನ್ ಆಗ ಬಾಂಬೆ ಗವರ್ನರ್, ಅವರ ಹೆಸರು ಇಟ್ಟರು ಅಷ್ಟೇ. 1885ರಲ್ಲಿ ಆ ಕಾಲೇಜನ್ನು ಕಟ್ಟಿದ್ದು ಡೆಕ್ಕನ್ ಎಜುಕೇಷನ್ ಸೊಸೈಟಿ; ತಿಲಕ್, ಅಗರ್ಕರ್ ಅಂಥವರು. ನಮ್ಮ ದೇಶದ ಶಾಲೆಯನ್ನು ನಮ್ಮವರೇ ನಡೆಸಬೇಕು ಅನ್ನುವ ಹಟದಿಂದ ಎದ್ದ ಸಂಸ್ಥೆ. ಎಲ್ಫಿನ್‌ಸ್ಟನ್ ಕಾಲೇಜಿನದೂ ಅದೇ ಥರ, ಹೆಸರು ಮಾತ್ರ ಸ್ಕಾಟ್ ಗವರ್ನರರದು. ಬೋರ್ಡಿನ ಮೇಲಿನ ಹೆಸರೇ ಪರಂಪರೆ ಅಂದುಕೊಂಡರೆ ದಾರಿ ತಪ್ಪುತ್ತೇವೆ.

ಸಾಧನಕೇರಿ
ಖರೇ ಅದ ರೀ. ಒಪ್ಪಿದೆ. ಬೇಂದ್ರೆ ಅಜ್ಜನ್ನ ವಾಪಸ್ ಕರಕೊಂಡು ಬಂದೆ.

ಹೂಗ್ಲಿಯಿಂದ
ಕೊಲ್ಕತ್ತದಲ್ಲಿ ಹದಿನಾರು ವರ್ಷ ಕೆಲಸ ಮಾಡಿದವನು ನಾನು. ಸ್ಕಾಟಿಷ್ ಚರ್ಚ್ ಕಾಲೇಜಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಅದನ್ನು ಶುರು ಮಾಡಿದ ಪಾದ್ರಿ ಅಲೆಕ್ಸಾಂಡರ್ ಡಫ್‌ಗೆ ಆಗ ಇಪ್ಪತ್ತನಾಲ್ಕು ವರ್ಷ. ಕಲ್ಕತ್ತಕ್ಕೆ ಬರುವ ದಾರಿಯಲ್ಲಿ ಎರಡು ಸಲ ಹಡಗು ಒಡೆಯಿತು. ಮೊದಲ ಸಲ ಆಫ್ರಿಕಾದ ಕೇಪ್ ಹತ್ತಿರದ ಒಂದು ನಡುಗಡ್ಡೆಯಲ್ಲಿ. ಜೊತೆಗೆ ತಂದಿದ್ದ ನೂರಾರು ಪುಸ್ತಕ ನೀರುಪಾಲು, ಕೈಗೆ ಸಿಕ್ಕಿದ್ದು ಅಲೆಯಲ್ಲಿ ತೇಲಿ ದಡಕ್ಕೆ ಬಂದ ಬೈಬಲ್ ಒಂದೇ. ಎರಡನೇ ಸಲ ಗಂಗೆಯ ಬಾಯಿಯಲ್ಲಿ. ಅಂಥವನಿಗೆ ಪಾಠ ಹೇಳಲು ಜಾಗ ಹುಡುಕಿಕೊಟ್ಟವರು ರಾಜಾ ರಾಮಮೋಹನ ರಾಯ್. ಜೋಡಾಸಾಂಕೋದ ಚಿತ್ಪುರ ರಸ್ತೆಯಲ್ಲಿ ಫಿರಂಗಿ ಕಮಲ್ ಬೋಸ್ ಅವರ ಮನೆ. 1830ರ ಜುಲೈ 13ರಂದು ಅಲ್ಲಿ ಶಾಲೆ ಶುರುವಾಯಿತು. ಹುಡುಗರು ಬೈಬಲ್ ಮುಟ್ಟಲು ಅಳುಕಿದಾಗ ರಾಯ್ ಅವರೇ ನಿಂತು ಧೈರ್ಯ ಹೇಳಿದರು: ನಾನು ಓದಿಲ್ಲವೇ, ಓದಿ ಕ್ರೈಸ್ತನಾದೆನೇ, ನೀವೂ ಓದಿ ನೀವೇ ತೀರ್ಮಾನಿಸಿ ಅನ್ನುವ ಅರ್ಥದಲ್ಲಿ.

1843ರಲ್ಲಿ ಸ್ಕಾಟ್ಲೆಂಡಿನ ಚರ್ಚು ಒಡೆದು ಎರಡಾಯಿತು. ಊರಿನ ಪಾದ್ರಿಯನ್ನು ಜಮೀನ್ದಾರ ಆರಿಸಬೇಕೋ ಜನ ಆರಿಸಬೇಕೋ ಅನ್ನುವ ಜಗಳ. ಜನರ ಹಕ್ಕಿನ ಪರ ನಿಂತ ನೂರಾರು ಪಾದ್ರಿಗಳು ಮನೆ, ಸಂಬಳ, ಚರ್ಚು ಎಲ್ಲ ಬಿಟ್ಟು ಹೊರನಡೆದರು. ಭಾರತದಲ್ಲಿದ್ದ ಡಫ್ ಮತ್ತು ಜೊತೆಗಾರರೂ ಅವರ ಪರ ನಿಂತರು. ಆದರೆ ಕಟ್ಟಡ ಹಳೇ ಚರ್ಚಿನದು! ಹದಿಮೂರು ವರ್ಷ ಬೆಳೆಸಿದ ಶಾಲೆ, ಗ್ರಂಥಾಲಯ, ಪ್ರಯೋಗದ ಸಾಮಾನು ಎಲ್ಲ ಬಿಟ್ಟು, ಅದೇ ಊರಲ್ಲಿ ಇನ್ನೊಂದು ಶಾಲೆಯನ್ನು ಮೊದಲಿಂದ ಕಟ್ಟಿದರು. ಅವೆರಡೂ ಮತ್ತೆ ಒಂದಾಗಿದ್ದು 1908ರಲ್ಲಿ. ಕಿಲ್ಟು ನೋಡಿ ಸ್ಕಾಟ್ಲೆಂಡ್ ಅನ್ನುವವರಿಗೆ ನಾನು ಹೇಳುವುದು ಇದನ್ನು. ಮನಸ್ಸಾಕ್ಷಿಗೆ ಒಪ್ಪದ್ದಕ್ಕೆ ಕಟ್ಟಿದ ಮನೆಯನ್ನೇ ಬಿಟ್ಟು ಹೋಗುವ ಆ ಛಲವೇ ನನಗೆ ಸ್ಕಾಟ್ಲೆಂಡಿನದು ಅನ್ನಿಸಿದ್ದು.

ವಿದ್ಯಾರ್ಥಿಗಳ ವಿಷಯ ನಿಮಗೆಲ್ಲ ಗೊತ್ತಿರುವುದೇ. ಮುಂದೆ ವಿವೇಕಾನಂದರಾದ ನರೇಂದ್ರನಾಥ ದತ್ತ ಅಲ್ಲಿ ಓದುವಾಗ ಪ್ರಿನ್ಸಿಪಾಲ್ ವಿಲಿಯಂ ಹೇಸ್ಟಿ ವರ್ಡ್ಸ್‌ವರ್ತ್‌ ಕವಿತೆ ಪಾಠ ಮಾಡುತ್ತಾ, ಭಾವಸಮಾಧಿ ಅಂದರೆ ಏನು ಅಂತ ತಿಳಿಯಬೇಕಾದರೆ ದಕ್ಷಿಣೇಶ್ವರಕ್ಕೆ ಹೋಗಿ ರಾಮಕೃಷ್ಣರನ್ನು ನೋಡಿ ಅಂದರಂತೆ. ಒಬ್ಬ ಪಾದ್ರಿ, ತನ್ನ ವಿದ್ಯಾರ್ಥಿಯನ್ನು ಕಾಳಿಯ ಪೂಜಾರಿಯ ಹತ್ತಿರ ಕಳಿಸಿದ ಹಾಗಾಯಿತು. ಸುಭಾಷ್ ಚಂದ್ರ ಬೋಸ್ ಪ್ರೆಸಿಡೆನ್ಸಿಯಿಂದ ಹೊರಬಿದ್ದ ಮೇಲೆ ಅವರನ್ನು ಸೇರಿಸಿಕೊಂಡದ್ದೂ ಇದೇ ಕಾಲೇಜು. 1919ರಲ್ಲಿ ತತ್ವಶಾಸ್ತ್ರದಲ್ಲಿ ಪದವಿ ಪಡೆದರು.

ನುಡಿಜಾಡು
ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಿದ್ದೀರಿ. ನನಗೆ ಒಂದು ಸಂಕಟ ಇದೆ, ಅದನ್ನೂ ಇಲ್ಲಿ ಇಡುತ್ತೇನೆ.

ಡಫ್ ಶುರುವಿನಿಂದಲೇ ಪಾಠ ಇಂಗ್ಲಿಷಿನಲ್ಲೇ ಆಗಬೇಕು ಅಂತ ಪಟ್ಟು ಹಿಡಿದವರು. ಮೆಕಾಲೆಯ ಟಿಪ್ಪಣಿ ಬಂದದ್ದು 1835ರಲ್ಲಿ. ಡಫ್ ಅದಕ್ಕಿಂತ ಐದು ವರ್ಷ ಮುಂದೆ. ಹಾಗಂತ ಅವರು ಎಲ್ಲಿಂದ ಬಂದವರು ಗೊತ್ತೇ? ಗೇಲಿಕ್ ಮಾತಾಡುವ ಬೆಟ್ಟಸೀಮೆಯಿಂದ. ಅವರ ನಾಡಿನಲ್ಲೇ ಹಿಂದಿನ ಶತಮಾನದಲ್ಲಿ ಧರ್ಮಾರ್ಥ ಶಾಲೆಗಳು ಗೇಲಿಕ್ ಅಳಿಸಿ ಇಂಗ್ಲಿಷ್ ಕಲಿಸುವುದೇ ಗುರಿ ಅಂತ ನಡೆದಿದ್ದವು. 1872ರ ಸ್ಕಾಟ್ಲೆಂಡ್ ಶಿಕ್ಷಣ ಕಾನೂನಿನಲ್ಲಿ ಗೇಲಿಕ್ ಅನ್ನುವ ಶಬ್ದವೇ ಇಲ್ಲ. ಶಾಲೆಯಲ್ಲಿ ಗೇಲಿಕ್ ಮಾತಾಡಿದ ಮಗುವಿನ ಕೊರಳಿಗೆ ಕೋಲು ತೂಗುಹಾಕುತ್ತಿದ್ದರು. ಅದು ಒಬ್ಬರಿಂದ ಒಬ್ಬರಿಗೆ ದಾಟಿಕೊಂಡು, ಸಂಜೆ ಯಾರ ಕೊರಳಲ್ಲಿ ಇದೆಯೋ ಅವರಿಗೆ ಏಟು.

ಇದನ್ನು ಮೊದಲ ಸಲ ಓದಿದಾಗ ನನ್ನ ಕೈ ನಡುಗಿತು. ನಾನು ಓದಿದ ಶಾಲೆಯಲ್ಲಿ, ಹೆಸರು ಬೇಡ, ಒಂದು ಮರದ ಬಿಲ್ಲೆ ಇತ್ತು. ಬೆಳಿಗ್ಗೆ ಯಾರು ಮೊದಲು ಕನ್ನಡ ಮಾತಾಡಿದರೋ ಅವರ ಕೈಗೆ ಬರುತ್ತಿತ್ತು. ಇನ್ನೊಬ್ಬರು ಕನ್ನಡ ಆಡುವುದನ್ನು ಕಾದು ಹಿಡಿದು ದಾಟಿಸಬೇಕು. ಕೊನೆಯ ಬೆಲ್ ಹೊಡೆದಾಗ ಯಾರ ಜೇಬಿನಲ್ಲಿ ಇರುತ್ತದೋ ಅವರಿಗೆ ಎರಡು ರೂಪಾಯಿ ದಂಡ. ಒಂದು ದಿನ ನನ್ನ ಗೆಳತಿ ಮೆಟ್ಟಿಲ ಮೇಲೆ ಬಿದ್ದು ‘ಅಮ್ಮಾ’ ಅಂದಳು. ನಾನು ಅವಳ ಕೈಗೆ ಬಿಲ್ಲೆ ಇಟ್ಟೆ. ಆಗ ಆರನೇ ಕ್ಲಾಸು. ಇವತ್ತಿಗೂ ಅವಳ ಮುಖ ಕಣ್ಣ ಮುಂದೆ ಇದೆ.

ಹಾಗಾಗಿ ಪರಂಪರೆ ಅಂದಾಗ ಆ ಕೋಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಾನು ಕಳೆದುಕೊಂಡದ್ದನ್ನೇ ಅವರು ಬೇರೆಯವರಿಂದಲೂ ಕಿತ್ತರು.

ಹೂಗ್ಲಿಯಿಂದ
ನುಡಿಜಾಡು ಅವರೇ, ನೀವು ಬರೆದದ್ದಕ್ಕೆ ಎದುರು ಮಾತಿಲ್ಲ. ಆದರೆ ಎಲ್ಲರೂ ಡಫ್ ಥರ ಇರಲಿಲ್ಲ. ಮುಂಬೈಯ ವಿಲ್ಸನ್ ಮರಾಠಿ ಚೆನ್ನಾಗಿ ಕಲಿತು ಅದರಲ್ಲೇ ಪಾಠ ಹೇಳಿದವರು. ನಾಗಪುರದ ಹಿಸ್ಲಾಪ್ ಕಾಲೇಜಿಗೆ ಯಾರ ಹೆಸರಿದೆಯೋ ಆ ಸ್ಟೀಫನ್ ಹಿಸ್ಲಾಪ್ ಗೊಂಡರ ನಡುವೆ ಓಡಾಡಿ ಅವರ ಹಾಡುಗಳನ್ನು ಗೊಂಡಿಯಲ್ಲೇ ಬರೆದಿಟ್ಟುಕೊಂಡರು. ಗೊಂಡಿ ನಮ್ಮ ಕನ್ನಡದ ದಾಯಾದಿ ಭಾಷೆ. 1863ರಲ್ಲಿ ಹಿಸ್ಲಾಪ್ ರಾತ್ರಿ ಹೊತ್ತು ಹಳ್ಳ ದಾಟುವಾಗ ಮುಳುಗಿ ತೀರಿಕೊಂಡರು. ಅವರ ಕಾಗದಪತ್ರಗಳು ಮೂರು ವರ್ಷದ ಮೇಲೆ ಅಚ್ಚಾದವು. ಇಲ್ಲದಿದ್ದರೆ ಆ ಹಾಡುಗಳೂ ಹಳ್ಳದ ಪಾಲಾಗುತ್ತಿದ್ದವು.

ನುಡಿಜಾಡು
ಹಿಸ್ಲಾಪ್ ಬಗ್ಗೆ ಗೊತ್ತಿರಲಿಲ್ಲ. ಮನಸ್ಸು ತುಸು ಹಗುರಾಯಿತು. ನನ್ನ ಕಡೆಯಿಂದಲೂ ಒಂದು ಒಳ್ಳೆಯ ಸುದ್ದಿ: ಸ್ಕೈ ದ್ವೀಪದಲ್ಲಿ 1973ರಲ್ಲಿ ಒಂದು ಹಳೇ ಕೊಟ್ಟಿಗೆಯಲ್ಲಿ ಗೇಲಿಕ್ ಕಾಲೇಜು ಶುರುವಾಯಿತು. ಹೆಸರೇ ‘ಒಸ್ಟೆಗ್‌ನ ದೊಡ್ಡ ಕೊಟ್ಟಿಗೆ’ ಅಂತ. ಈಗ ಅಲ್ಲಿ ಗೇಲಿಕ್‌ನಲ್ಲೇ ಪದವಿ ಓದಬಹುದು. ಗ್ಲಾಸ್ಗೋದಲ್ಲಿ ಗೇಲಿಕ್ ಮಾಧ್ಯಮದ ಶಾಲೆಗಳಿವೆ. ಕೆನಡಾದ ಕೇಪ್ ಬ್ರೆಟನ್ನಿನಲ್ಲೂ 1938ರಿಂದ ಒಂದು ಗೇಲಿಕ್ ಕಾಲೇಜು ನಡೆದಿದೆ.

ಪಡುಬಿದ್ರೆ ಪಯಣಿಗ
ಕೆಲಸದ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿ ಲವ್‌ಡೇಲ್ ಅಂತ ಒಂದು ಜಾಗ ಉಂಟು. ಊಟಿಯ ಲವ್‌ಡೇಲ್ ಅಲ್ಲ ಮಾರಾಯ್ರೆ, ಅದೇ ಬೇರೆ. ಇದು ಗ್ಲಾಸ್ಗೋ ಮಿಷನರಿ ಸೊಸೈಟಿಯವರು 1824ರಲ್ಲಿ ಹಾಕಿದ ಬೀಡು. ಸೊಸೈಟಿಯ ಜಾನ್ ಲವ್ ಅನ್ನುವವರ ಹೆಸರಿಂದ ಲವ್‌ಡೇಲ್. 1841ರಲ್ಲಿ ದೊಡ್ಡ ಶಾಲೆ ತೆರೆದಾಗ 11 ಆಫ್ರಿಕನ್ ಹುಡುಗರು, 9 ಬಿಳಿಯರ ಹುಡುಗರು ಒಂದೇ ಕ್ಲಾಸಿನಲ್ಲಿ ಕೂತರು. ಆ ಕಾಲದಲ್ಲಿ, ಆ ನೆಲದಲ್ಲಿ, ಇದು ಸಣ್ಣ ಮಾತಲ್ಲ. ಊಟಕ್ಕೆ ಮಾತ್ರ ಬೇರೆ ಬೇರೆ ಮೇಜು. ಅದನ್ನೂ ಹೇಳಿಬಿಡಬೇಕು.

ಅವರಲ್ಲಿ ಒಂದು ಅಚ್ಚುಕೂಟ ಇತ್ತು. ಖೋಸಾ ಭಾಷೆಯ ಪುಸ್ತಕಗಳು ಅಲ್ಲಿಂದ ಬಂದವು. ನುಡಿಜಾಡು ಅವರ ಮಾತಿಗೆ ಇದೂ ಒಂದು ಉತ್ತರ ಆಗಬಹುದೇನೋ. ಆ ಲವ್‌ಡೇಲ್‌ನವರೇ ಮುಂದೆ ನಿಂತು 1916ರಲ್ಲಿ ಪಕ್ಕದಲ್ಲೇ ಫೋರ್ಟ್ ಹೇರ್ ಕಾಲೇಜು ಶುರು ಮಾಡಿಸಿದರು. ನೆಲ್ಸನ್ ಮಂಡೇಲಾ, ಆಲಿವರ್ ಟಾಂಬೊ ಓದಿದ್ದು ಅಲ್ಲಿ. ಮುಂದೆ ದೇಶದ ಅಧ್ಯಕ್ಷರಾದ ಥಾಬೊ ಎಂಬೆಕಿ, ಹೋರಾಟಗಾರ ಸ್ಟೀವ್ ಬಿಕೋ ಲವ್‌ಡೇಲಿನ ಕ್ಲಾಸುಗಳಲ್ಲಿ ಕೂತವರು. 1953ರ ಬಾಂಟು ಶಿಕ್ಷಣ ಕಾನೂನು ತಂದು ವರ್ಣಭೇದದ ಸರ್ಕಾರ ಇಂಥ ಶಾಲೆಗಳನ್ನು ಮಿಷನ್ನಿನವರ ಕೈಯಿಂದ ತೆಗೆದುಕೊಂಡಿತು. ಕರಿಯರಿಗೆ ಇಷ್ಟು ಓದು ಸಾಕು ಅಂತ ಅಳತೆ ಹಾಕಿದ ಕಾನೂನು ಅದು. ಒಂದು ಶಾಲೆಗೆ ಸರ್ಕಾರವೇ ಹೆದರುತ್ತದೆ ಅಂದರೆ ಅಲ್ಲಿ ಏನೋ ಸರಿಯಾದ್ದೇ ಕಲಿಸುತ್ತಿದ್ದರು ಅಂತ ನನ್ನ ಲೆಕ್ಕ.

ಮಾಟುಂಗಾ ಮನೆ
ಪಡುಬಿದ್ರೆಯವರ ಬರಹ ಓದಿ ಜೇನ್ ಹೇನಿಂಗ್ ನೆನಪಾದರು. ಸ್ಕಾಟ್ಲೆಂಡಿನ ಒಂದು ಹಳ್ಳಿಯ ರೈತನ ಮಗಳು. ಬುಡಾಪೆಸ್ಟಿನಲ್ಲಿ ಸ್ಕಾಟಿಷ್ ಮಿಷನ್ ಶಾಲೆಯ ಹುಡುಗಿಯರ ಹಾಸ್ಟೆಲಿಗೆ ಮೇಟ್ರನ್. ಅಲ್ಲಿ ಯಹೂದಿ ಹುಡುಗಿಯರು ಬಹಳ. ಯುದ್ಧ ಶುರುವಾದಾಗ ವಾಪಸ್ ಬಾ ಅಂತ ಚರ್ಚಿನವರು ಬರೆದರು, ಇವರು ಬರಲಿಲ್ಲ. 1944ರಲ್ಲಿ ನಾಜಿಗಳು ಹಿಡಿದುಕೊಂಡು ಹೋದರು. ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಹುಡುಗಿಯರ ಬಟ್ಟೆಯ ಮೇಲೆ, ಯಹೂದಿಗಳು ಹಾಕಿಕೊಳ್ಳಲೇಬೇಕಾಗಿದ್ದ ಹಳದಿ ನಕ್ಷತ್ರ ನೋಡಿ ಅತ್ತರು ಅನ್ನುವುದು. ಅತ್ತದ್ದೂ ಅಪರಾಧ. ಆ ವರ್ಷವೇ ಆಶ್ವಿಟ್ಸ್‌ನಲ್ಲಿ ತೀರಿಕೊಂಡರು. ಇದಕ್ಕಿಂತ ಹೆಚ್ಚಿಗೆ ಬರೆಯಲು ನನ್ನಿಂದ ಆಗುವುದಿಲ್ಲ.

ಮೂರು ನದಿ ಸಂಗಮ
ಪಿಟ್ಸ್‌ಬರ್ಗಿನಿಂದ. ಇಲ್ಲಿನ ಕಾರ್ನೆಗಿ ಮೆಲನ್ ಅಂದರೆ ಕಂಪ್ಯೂಟರ್ ಓದಿಗೆ ಹೆಸರು, ನಮ್ಮ ಕಡೆಯ ಹುಡುಗರು ಬಹಳ ಇದ್ದಾರೆ. ಆದರೆ ಅಲ್ಲಿ ಬ್ಯಾಗ್‌ಪೈಪ್‌ನಲ್ಲೇ ಪದವಿ ಕೊಡುತ್ತಾರೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಅದನ್ನು ಕಟ್ಟಿದ ಆಂಡ್ರ್ಯೂ ಕಾರ್ನೆಗಿ ಸ್ಕಾಟ್ಲೆಂಡಿನ ಡನ್‌ಫರ್ಮ್ಲಿನ್ ಊರಿನ ನೇಕಾರನ ಮಗ. ಯಂತ್ರದ ಮಗ್ಗ ಬಂದು ಅಪ್ಪನ ಕೈಮಗ್ಗ ನಿಂತಿತು, 1848ರಲ್ಲಿ ಹನ್ನೆರಡರ ವಯಸ್ಸಿಗೆ ಅಮೆರಿಕಕ್ಕೆ ಬಂದ. ಶಾಲೆ ಅಲ್ಲಿಗೆ ಮುಗಿಯಿತು. ಅದೇ ಮನುಷ್ಯ 1900ರಲ್ಲಿ ಇಲ್ಲಿ ಕಾರ್ಮಿಕರ ಮಕ್ಕಳಿಗೆ ತಾಂತ್ರಿಕ ಶಾಲೆ ಕಟ್ಟಿದ. ಮರುವರ್ಷ ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳಿಗೆ ಒಂದು ಕೋಟಿ ಡಾಲರ್ ಕೊಟ್ಟ. ಅವನ ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕರ ಮೇಲೆ ಆದ ದಬ್ಬಾಳಿಕೆಯೂ ಇತಿಹಾಸದಲ್ಲಿದೆ. ಎರಡೂ ನಿಜ.

ಕೋಟೆ ಬಳ್ಳಾರಿ
ಇಷ್ಟು ದಿನ ಸುಮ್ನೆ ಓದ್ತಿದ್ದೆ. ಎಲ್ಲರೂ ಸ್ಕಾಟ್ಲೆಂಡಿಂದ ಏನು ಹೊರಗೆ ಹೋಯ್ತು ಅಂತ ಬರೀತಿದೀರಿ. ಸ್ಕಾಟ್ಲೆಂಡಿಗೆ ಇಲ್ಲಿಂದ ಏನು ಹೋಯ್ತು ಅನ್ನೋದನ್ನ ಯಾರೂ ಬರೀಲಿಲ್ಲ. ಬಳ್ಳಾರಿಯವನಾಗಿ ನಾನೇ ಬರೀಬೇಕು.

ನಮ್ಮೂರಿನ ವಾರ್ಡ್ಲಾ ಶಾಲೆಯ ಹೆಸರು ಗ್ಲಾಸ್ಗೋದ ಒಂದು ಮನೆತನದ್ದು ಅನ್ನೋದು ಇರಲಿ. ನಾನು ಹೇಳಬೇಕಾದ್ದು ಆಂಡ್ರ್ಯೂ ಬೆಲ್ ಕತೆ. ಸೇಂಟ್ ಆಂಡ್ರ್ಯೂಸ್ ಊರಿನ ಕ್ಷೌರಿಕನ ಮಗ. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಆಶ್ರಮಕ್ಕೆ ಮುಖ್ಯಸ್ಥನಾದ. ಪಾಠ ಹೇಳೋಕೆ ಜನ ಸಾಲದು, ಇದ್ದವರು ಕೆಲಸಕ್ಕೆ ಬಾರದು. ಒಂದು ಬೆಳಿಗ್ಗೆ ಕುದುರೆ ಮೇಲೆ ಹೋಗುವಾಗ ಒಂದು ನಾಟಿ ಶಾಲೆ ಕಂಡಿತು. ಮಕ್ಕಳು ನೆಲದ ಮೇಲೆ ಮರಳು ಹರವಿಕೊಂಡು ಬೆರಳಲ್ಲಿ ಅಕ್ಷರ ಬರೀತಿದ್ದರು. ಇದನ್ನೇ ಮಾಡಿ ಅಂತ ಬಂದು ತನ್ನ ಮೇಷ್ಟ್ರುಗಳಿಗೆ ಹೇಳಿದ. ಆಗಲ್ಲ ಅಂದರು. ಆಗ ಜಾನ್ ಫ್ರಿಸ್ಕನ್ ಅನ್ನೋ ಎಂಟು ವರ್ಷದ ಹುಡುಗನಿಗೆ ಆ ಕ್ಲಾಸ್ ವಹಿಸಿದ. ಹುಡುಗ ಮಾಡಿ ತೋರಿಸಿದ. ಬಲ್ಲ ಹುಡುಗ ಬಾರದವನಿಗೆ ಹೇಳಿಕೊಡೋ ಈ ಪದ್ಧತಿಯನ್ನ ಬೆಲ್ ಬ್ರಿಟನ್ನಿಗೆ ಒಯ್ದು 1797ರಲ್ಲಿ ಪುಸ್ತಕ ಮಾಡಿದ. ‘ಮದ್ರಾಸ್ ಪದ್ಧತಿ’ ಅಂತಲೇ ಹೆಸರು. ಬ್ರಿಟನ್ನಿನ ಲಕ್ಷಾಂತರ ಬಡಮಕ್ಕಳು ಅಕ್ಷರ ಕಲಿತದ್ದು ಆ ಥರ. ಸಾಯುವ ಮುಂಚೆ ಹುಟ್ಟೂರಲ್ಲಿ ಶಾಲೆ ಕಟ್ಟೋಕೆ ತನ್ನ ದುಡ್ಡು ಕೊಟ್ಟ. 1833ರಲ್ಲಿ ತೆರೆದ ಆ ಶಾಲೆ ಇವತ್ತಿಗೂ ಇದೆ. ಹೆಸರೇನು ಗೊತ್ತಾ? ‘ಮದ್ರಾಸ್ ಕಾಲೇಜ್.’ ಸ್ಕಾಟ್ಲೆಂಡಿನಲ್ಲಿ!

ಈಗ ಬಳ್ಳಾರಿಗೆ ಬನ್ನಿ. ಗ್ಲಾಸ್ಗೋದ ಥಾಮಸ್ ಮನ್ರೋ ಮದ್ರಾಸ್ ಗವರ್ನರ್ ಆಗಿದ್ದಾಗ ಪ್ರತಿ ಜಿಲ್ಲೆಯ ನಾಟಿ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಉತ್ತರ ಕಳಿಸಿದ. 533 ಶಾಲೆ, 6,641 ಮಕ್ಕಳು. ಅದರಲ್ಲಿ ಕನ್ನಡ ಶಾಲೆ 235, ತೆಲುಗು 226. ಬೆಳಿಗ್ಗೆ ಆರಕ್ಕೆ ಶಾಲೆ. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿ ಹೆಸರು ಬರೆಯೋರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆನೂ ಇಲ್ಲ ತೆಗಳಿಕೆನೂ ಇಲ್ಲ ಅಂತ. ಮೂರನೆಯವನಿಗೆ ಒಂದು ಮೆಲ್ಲನೆ ಏಟು, ನಾಲ್ಕನೆಯವನಿಗೆ ಎರಡು, ಹಂಗೇ ಏರ್ತಾ ಹೋಗ್ತದೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸ್ತಾ ತಮ್ಮ ಪಾಠ ಗಟ್ಟಿ ಮಾಡ್ಕೊಳ್ಳೋ ಈ ಕ್ರಮ ಬಹಳ ಮೆಚ್ಚುವಂಥದ್ದು, ಇಂಗ್ಲೆಂಡಿನವರು ಇದನ್ನ ಅನುಕರಿಸಿದ್ದು ಸರಿಯಾಗಿದೆ ಅಂತ ಕ್ಯಾಂಬೆಲ್ ಸ್ಪಷ್ಟವಾಗಿ ಬರೆದಾನೆ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಹಿಂದೆ ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲ, ಯಾಕಂದ್ರೆ ದೇಶ ಬಡವಾಗ್ತಾ ಇದೆ, ವಿಲಾಯ್ತಿ ಬಟ್ಟೆ ಬಂದು ಇಲ್ಲಿನ ನೇಕಾರರ ಕೆಲಸ ಹೋಯ್ತು, ತಂದೆತಾಯಿಗೆ ಐಗಳಿಗೆ ಕೊಡೋಕೆ ಏನೂ ಉಳಿದಿಲ್ಲ ಅಂತ. ನಮ್ಮ ಪದ್ಧತಿ ಅಲ್ಲಿ ಬೆಳೀತಾ ಇದ್ದ ಕಾಲಕ್ಕೇ ಇಲ್ಲಿ ಶಾಲೆಗಳು ಮುಚ್ಚಿಕೊಳ್ತಾ ಇದ್ದವು. ಬಳ್ಳಾರಿ ಮಕ್ಕಳಿಗೆ ಯಾವ ಶಾಲೆಯಲ್ಲೂ ಇದನ್ನ ಹೇಳಿಕೊಡಲ್ಲ. ನನಗೂ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೇ ಇಷ್ಟುದ್ದ ಬರೆದೆ.

ತುಂಗಾತೀರ
ಕೋಟೆ ಬಳ್ಳಾರಿಯವರೇ, ಏನು ಹೇಳಲಿ. ನಾನು ಕೇಳಿದ ಪ್ರಶ್ನೆಯೇ ಅರ್ಧ ಅಂತ ಈಗ ಗೊತ್ತಾಯಿತು.

ಹಿರೇಮಣಿ ಮೇಷ್ಟ್ರು
ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ವಯಸ್ಸು ಎಂಬತ್ತೊಂದು. ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ.

ಕೂಡ್ಲಿಗಿ ಕಡೆ ನಮ್ಮ ತಂದೆ ಓದಿದ್ದು ಐಗಳ ಮಠದಲ್ಲಿ. ಮಣ್ಣಿನ ನೆಲ, ಅದರ ಮೇಲೆ ಹಳ್ಳದಿಂದ ತಂದು ಜರಡಿ ಹಿಡಿದ ಮರಳು. ಐಗಳು ಹುಡುಗನ ತೋರುಬೆರಳು ಹಿಡಿದು ಓನಾಮ ತಿದ್ದಿಸುತ್ತಿದ್ದರು. ಚರ್ಮ ಸವೆದು ಬೆರಳ ತುದಿ ಕೆಂಪಾಗುತ್ತಿತ್ತಂತೆ. ತಪ್ಪಾದರೆ ಅಂಗೈಯಿಂದ ಸವರಿದರೆ ಆಯಿತು, ಮತ್ತೆ ಹೊಸ ಹಾಳೆ. ಎರಡು ವರ್ಷದ ಮೇಲೆ ತಂದೆಯವರನ್ನೇ ಹಿರೇಮಣಿ ಮಾಡಿದರು. ಅಂದರೆ ಚಿಕ್ಕವರ ಬೆರಳು ಹಿಡಿದು ತಿದ್ದಿಸುವ ಕೆಲಸ. ‘ನನಗೆ ಅಕ್ಷರ ಬಂದದ್ದು ಕಲಿತಾಗ ಅಲ್ಲ, ಕಲಿಸಿದಾಗ’ ಅನ್ನುತ್ತಿದ್ದರು. ನಾನು ಮೇಷ್ಟ್ರಾದದ್ದು ಆ ಒಂದು ಮಾತಿನಿಂದ. ಮೂವತ್ತೇಳು ವರ್ಷ ಪ್ರತಿ ತರಗತಿಯಲ್ಲೂ ಒಬ್ಬ ಹಿರೇಮಣಿ ಇಟ್ಟುಕೊಂಡೇ ಪಾಠ ಮಾಡಿದೆ. ನಾಲ್ಕು ತರಗತಿಗೆ ಒಬ್ಬನೇ ಮೇಷ್ಟ್ರು ಇದ್ದಾಗ ಬೇರೆ ದಾರಿಯೂ ಇರಲಿಲ್ಲ.

ಜಾನ್ ಫ್ರಿಸ್ಕನ್ ಎಂಬ ಆ ಎಂಟು ವರ್ಷದ ಹುಡುಗನ ಹೆಸರು ಕೇಳಿ ಬಹಳ ಸಂತೋಷವಾಯಿತು. ಆ ಊರಿನಲ್ಲಿ ಯಾರಾದರೂ ನಮ್ಮವರು ಇದ್ದರೆ ಆ ಶಾಲೆ ಹೇಗಿದೆ ನೋಡಿ ಬರೆಯಿರಿ.

ಮಾಟುಂಗಾ ಮನೆ
ಮೇಷ್ಟ್ರೇ, ನಮಸ್ಕಾರ. ನಿಮ್ಮ ಮೊಮ್ಮಗಳಿಗೂ.

ಡನೀಡಿನ್ ದಿನಚರಿ
ಇನ್ನೊಂದು ಸಣ್ಣ ಸೇರ್ಪಡೆ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜೂ 1837ರಲ್ಲಿ ಸ್ಕಾಟ್ ಪಾದ್ರಿ ಜಾನ್ ಆಂಡರ್ಸನ್ ತೆರೆದ ಶಾಲೆಯಿಂದ ಬೆಳೆದದ್ದು. ಅಲ್ಲಿ ಓದಿದ ಸರ್ವೇಪಲ್ಲಿ ರಾಧಾಕೃಷ್ಣನ್ 1918ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಬಂದರು. 1921ರಲ್ಲಿ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಸಾರೋಟು ಎಳೆದು ಸ್ಟೇಷನ್ನಿಗೆ ಬಿಟ್ಟರು ಅನ್ನುವ ಕತೆ ಮೈಸೂರಿನವರಿಗೆಲ್ಲ ಗೊತ್ತು.

ಲೀತ್ ವಾಕ್
ಮೇಷ್ಟ್ರೇ, ನಾನು ಎಡಿನ್‌ಬರೋದಲ್ಲಿ ನರ್ಸ್. ನಿಮ್ಮ ಮಾತು ಓದಿ ನಿನ್ನೆ ರಜೆ ಹಾಕಿ ಸೇಂಟ್ ಆಂಡ್ರ್ಯೂಸ್‌ಗೆ ಹೋಗಿ ಬಂದೆ. ರೈಲು ಊರ ತನಕ ಹೋಗುವುದಿಲ್ಲ, ಲೂಕರ್ಸ್‌ನಲ್ಲಿ ಇಳಿದು ಬಸ್ಸು.

ಸೌತ್ ಸ್ಟ್ರೀಟಿನಲ್ಲಿ ಹಳೇ ಕಟ್ಟಡ ಇದೆ. ಮುಂದುಗಡೆ ಅದಕ್ಕಿಂತ ಎಷ್ಟೋ ಹಳೆಯದಾದ ಒಂದು ಪಾಳುಬಿದ್ದ ಪ್ರಾರ್ಥನಾಮಂದಿರ, ಒಂದು ಮೂಲೆ ಮಾತ್ರ ನಿಂತಿದೆ, ಕಿಟಕಿಯ ಕಮಾನಿನಲ್ಲಿ ಆಕಾಶ ಕಾಣುತ್ತದೆ. ಶಾಲೆ 2021ರಲ್ಲಿ ಊರ ಹೊರಗೆ ಹೊಸ ಕಟ್ಟಡಕ್ಕೆ ಹೋಯಿತು, ಈ ಹಳೆಯದು ಈಗ ವಿಶ್ವವಿದ್ಯಾಲಯದ ಪಾಲು. ಬಸ್ ಸ್ಟಾಪಿನಲ್ಲಿ ಸಮವಸ್ತ್ರದ ಇಬ್ಬರು ಹುಡುಗಿಯರು ಸಿಕ್ಕರು. ಯಾವ ಶಾಲೆ ಅಂದೆ. ‘ಮದ್ರಾಸ್’ ಅಂದರು, ‘ಮ’ ಮೇಲೆ ಒತ್ತು ಕೊಡದೆ, ಕೊನೆಯನ್ನು ಎಳೆದು. ಆ ಹೆಸರು ಎಲ್ಲಿಂದ ಬಂತು ಗೊತ್ತಾ ಅಂತ ಕೇಳಿದೆ. ಇಂಡಿಯಾದ ಒಂದು ಊರು ಅಂತ ಒಬ್ಬಳಿಗೆ ಗೊತ್ತಿತ್ತು. ಮರಳಿನ ಕತೆ ಗೊತ್ತಿರಲಿಲ್ಲ. ಬಸ್ಸು ಬರುವ ತನಕ ಹೇಳಿದೆ. ಅಂಗೈ ಮೇಲೆ ಸರಸ್ವತಿ ಬರೆಯುವ ಭಾಗ ಅವರಿಗೆ ಬಹಳ ಹಿಡಿಸಿತು, ನನ್ನ ಕೈಯಲ್ಲಿ ಕನ್ನಡದಲ್ಲಿ ಬರೆಸಿಕೊಂಡರು.

ಆಮೇಲೆ ಕಡಲ ದಂಡೆಗೆ ಹೋದೆ. ಮೈಲಿಗಟ್ಟಲೆ ಮರಳು, ತಣ್ಣನೆ ಗಾಳಿ. ನಿಮ್ಮ ತಂದೆಯವರ ನೆನಪಿಗೆ ತೋರುಬೆರಳಲ್ಲಿ ಒಂದು ‘ಅ’ ಬರೆದು ಫೋಟೋ ಹಾಕಿದ್ದೇನೆ, ನೋಡಿ.

ಹಿರೇಮಣಿ ಮೇಷ್ಟ್ರು
ನೋಡಿದೆ ತಾಯಿ. ಮೊಮ್ಮಗಳು ದೊಡ್ಡದು ಮಾಡಿ ತೋರಿಸಿದಳು. ‘ಅ’ ದುಂಡಗೆ ಚೆನ್ನಾಗಿ ಬಂದಿದೆ, ಬಲಗಡೆಯ ಕೊನೆ ಇನ್ನೊಂಚೂರು ಮೇಲಕ್ಕೆ ಏರಬೇಕು. ಅಲೆ ಬರುವ ಮುಂಚೆ ಇನ್ನೊಂದು ಬರೆದಿದ್ದೀರಾ?